ಪೋಪನ ಹೊಸಕೋಟೆಯ ಕೆಂಪು ವೈನ್: 13 ದ್ರಾಕ್ಷಿ ಬೆರೆಸಿದರೆ ಅದು ಕಲಬೆರಕೆ ಅಲ್ವಾ?

ಮಾಗಡಿರೋಡ್:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಹಿರಿಯರೊಬ್ಬರು ರಿಟೈರ್ ಆಗುವಾಗ ನನ್ನ ಕೈಗೊಂದು ಬಾಟಲಿ ಇಟ್ಟು ಹೋದರು. ಶಾತೋ ದ ಬೋಕಾಸ್ತೆಲ್, ಶಾತೋನಫ್ ದ್ಯು ಪಾಪ್, 2009. ಹೆಸರು ಬಾಯಿಗೆ ಕೂರುವುದಕ್ಕೇ ಎರಡು ದಿನ ಬೇಕಾಯಿತು.

ನನಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ. ಒಂದೂವರೆ ವರ್ಷ ಅದನ್ನು ಅಡುಗೆಮನೆ ಸಜ್ಜೆಯ ಮೇಲೆ ಕುಕ್ಕರ್ ಪಕ್ಕ ನಿಲ್ಲಿಸಿದ್ದೆ. ಈಗ ಯಾರೋ ಹೇಳಿದರು, ಅದು ದೊಡ್ಡ ವೈನು, ಹಾಗೆಲ್ಲ ಇಡಬಾರದು ಅಂತ. ಹೊಟ್ಟೆ ಚುರ್ ಅಂತು.

ನನ್ನ ಪ್ರಶ್ನೆ ಬೇರೆ. ಇದರಲ್ಲಿ 13 ತರಹದ ದ್ರಾಕ್ಷಿ ಹಾಕುತ್ತಾರಂತೆ. ಕೆಲವು ಬಿಳಿ ದ್ರಾಕ್ಷಿಯಂತೆ! ಒಂದೇ ದ್ರಾಕ್ಷಿಯ ವೈನೇ ಶುದ್ಧ ಅಂದುಕೊಂಡಿದ್ದೆ. ಹದಿಮೂರನ್ನು ಬೆರೆಸಿದರೆ ಅದು ಕಲಬೆರಕೆ ಅಲ್ವಾ? ಅದಕ್ಕೆ ಅಷ್ಟು ದುಡ್ಡು ಯಾಕೆ? ಗೊತ್ತಿರುವವರು ಬಿಡಿಸಿ ಹೇಳಿ.

ಲಿಯೋನ್_ಶಿವಮೊಗ್ಗ:
ಕುಕ್ಕರ್ ಪಕ್ಕ! ಇವತ್ತೇ ಅಲ್ಲಿಂದ ಇಳಿಸಿ. ಮನೆಯಲ್ಲಿ ತೀರಾ ತಂಪಾದ, ಕತ್ತಲೆ ಇರುವ ಮೂಲೆ ಯಾವುದೋ ಅಲ್ಲಿ ಮಲಗಿಸಿ.

ನಾನು ಫ್ರಾನ್ಸಿನ ಲಿಯೋನ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ರೋನ್ ನದಿ ಇಲ್ಲಿಂದ ದಕ್ಷಿಣಕ್ಕೆ ಹರಿಯುತ್ತದೆ. ಅದರ ಜೊತೆಗೇ ಹೆದ್ದಾರಿ ಹಿಡಿದು ಇಳಿದರೆ ಒರಾಂಜ್ ಪಟ್ಟಣ ದಾಟಿದ ಮೇಲೆ, ಅವಿನ್ಯೋನ್ ಸಿಗುವ ಮೊದಲು, ಶಾತೋನಫ್ ದ್ಯು ಪಾಪ್ ಅನ್ನುವ ಈ ಊರು. ಶಾತೋ ಅಂದರೆ ಕೋಟೆ, ನಫ್ ಅಂದರೆ ಹೊಸದು. ಅಂದರೆ ಪೋಪನ ಹೊಸಕೋಟೆ. ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯನ್ನೇ ನೆನೆಸಿಕೊಳ್ಳಿ, ಹೆಸರು ಮರೆಯೋದಿಲ್ಲ.

ಬೋಕಾಸ್ತೆಲ್ ತೋಟ ಇರುವುದು ಆ ಸೀಮೆಯ ಈಶಾನ್ಯದ ತುದಿಯಲ್ಲಿ, ಕೂರ್ತೆಜೋನ್ ಅನ್ನುವ ಊರಿನ ಕಡೆ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಹೋಗಿದ್ದೆ. ಮೊದಲು ಕಣ್ಣಿಗೆ ಬಿದ್ದದ್ದು ಬಳ್ಳಿ ಅಲ್ಲ, ಕಲ್ಲು. ಮಣ್ಣೇ ಕಾಣುವುದಿಲ್ಲ. ಬನ್ ಗಾತ್ರದಿಂದ ಹಿಡಿದು ತೆಂಗಿನಕಾಯಿ ಗಾತ್ರದವರೆಗೆ ನುಣುಪಾದ ದುಂಡುಗಲ್ಲು, ಕಂದು ಹಳದಿ ಬಣ್ಣ. ಇವನ್ನು ಗಾಲೆ ಅನ್ನುತ್ತಾರೆ. ಆಲ್ಪ್ಸ್ ಬೆಟ್ಟದ ಕಲ್ಲನ್ನು ರೋನ್ ನದಿ ಯಾವುದೋ ಕಾಲದಲ್ಲಿ ಉರುಳಿಸಿ ತಂದು ಹಾಸಿದ್ದು. ಕೆಳಗೆ ಹಳೇ ಸಮುದ್ರದ ಮರಳುಗಲ್ಲು. ಈ ಕಲ್ಲು ಹಗಲೆಲ್ಲಾ ಕಾದು ರಾತ್ರಿ ಬಿಸಿ ಬಿಡುತ್ತದೆ, ಕೆಳಗಿನ ತೇವ ಆರದಂತೆ ಮುಚ್ಚಿಯೂ ಇಡುತ್ತದೆ.

ಇನ್ನು ಗಾಳಿ. ಮಿಸ್ತ್ರಾಲ್ ಅಂತ ಅದಕ್ಕೆ ಹೆಸರು. ಬಡಗಣದಿಂದ ಬೀಸುತ್ತದೆ. ನನ್ನ ಟೋಪಿ ಹಾರಿ ಬಳ್ಳಿಗೆ ಸಿಕ್ಕಿಕೊಂಡಿತು. ಕಿವಿ ಎರಡು ದಿನ ನೋವಿತ್ತು. ಆದರೆ ಅದೇ ಗಾಳಿ ಮಳೆ ಬಿದ್ದ ಮೇಲೆ ಗೊಂಚಲನ್ನು ಒಣಗಿಸಿ ಬಿಡುತ್ತದೆ, ಬೂಷ್ಟು ಹಿಡಿಯಲು ಬಿಡುವುದಿಲ್ಲ.

ಒಂದು ವಿಚಿತ್ರ ಹೇಳಲೇಬೇಕು. ಪ್ಯಾರಿಸ್ ಕಡೆಯವರು ಸಮುದ್ರಕ್ಕೆ ಹೋಗುವ ದೊಡ್ಡ ಹೆದ್ದಾರಿ ತೋಟದ ಪಕ್ಕದಲ್ಲೇ ಹಾದುಹೋಗುತ್ತದೆ. ಹೆದ್ದಾರಿಯ ಆಚೆ ಅದೇ ಮನೆತನದ ಇನ್ನೊಂದು ತುಂಡು ಜಮೀನಿದೆ, ಕೂದುಲೆ ಅಂತ. ಅಲ್ಲಿನ ವೈನಿಗೆ ಶಾತೋನಫ್ ಹೆಸರು ಹಾಕುವಂತಿಲ್ಲ. ಬರೀ ಕೋತ್ ದ್ಯು ರೋನ್ ಅನ್ನುವ ರೋನ್ ಸೀಮೆಯ ಸಾಮಾನ್ಯ ಹೆಸರು. ಅದೇ ಮನೆ, ಅದೇ ಕೈ. ಬೆಲೆ ಮಾತ್ರ ಬಹಳ ಕಡಿಮೆ. ನನ್ನಂಥ ಸಂಬಳದವರು ಕುಡಿಯುವುದು ಅದನ್ನೇ!

ಹಳೇಪುಸ್ತಕ:
ನಾನು ಕುಡಿಯುವವನಲ್ಲ. ಆದರೆ ಈ ಊರಿನ ಚರಿತ್ರೆ ಕುಡಿಯದವರಿಗೂ ಮತ್ತೇರಿಸುತ್ತದೆ.

1309ರಲ್ಲಿ ಪೋಪ್ 5ನೇ ಕ್ಲೆಮೆಂಟ್ ರೋಮ್‌ಗೆ ಹೋಗದೆ ಅವಿನ್ಯೋನಿಗೆ ಬಂದು ಕೂತರು. ಅವರ ನಂತರದ 22ನೇ ಜಾನ್ ಬೇಸಿಗೆಗೆಂದು ಈ ಊರಲ್ಲಿ ಕೋಟೆ ಕಟ್ಟಿಸಿದರು. ಈಗ ಮುಖ್ಯವಾಗಿ ಅದರ ಗೋಪುರದ ಅರ್ಧ ಭಾಗ ನಿಂತಿದೆ. ಆವರೆಗೆ ಉಳಿದಿದ್ದ ಇನ್ನರ್ಧವನ್ನು 1944ರ ಆಗಸ್ಟ್‌ನಲ್ಲಿ ಜರ್ಮನ್ ಸೈನಿಕರು ಹಿಂದೆ ಸರಿಯುವಾಗ ಸಿಡಿಸಿ ಹಾಕಿದರು.

ತಮಾಷೆ ಏನೆಂದರೆ 1893ರವರೆಗೆ ಊರಿನ ಅಧಿಕೃತ ಹೆಸರಲ್ಲಿ ಪೋಪ್ ಇರಲೇ ಇಲ್ಲ. ಶಾತೋನಫ್ ಕಲ್ಸೆರ್ನಿಯೆ ಅನ್ನುತ್ತಿದ್ದರು. ಸುತ್ತ ಸುಣ್ಣದ ಗೂಡುಗಳಿದ್ದವು, ಅದಕ್ಕೆ ಆ ಹೆಸರು. ಸುಣ್ಣದ ಹೊಸಕೋಟೆ ಹೋಗಿ ಪೋಪನ ಹೊಸಕೋಟೆ ಆಯಿತು. ವ್ಯಾಪಾರ ಬಲ್ಲವರು!

ಮಾಗಡಿರೋಡ್ ಅವರ ಕಲಬೆರಕೆ ಪ್ರಶ್ನೆಗೆ ಬರುತ್ತೇನೆ. ಹಿಂದೆ ಈ ಊರಿನ ವೈನನ್ನು ಪೀಪಾಯಿಗಟ್ಟಲೆ ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬರ್ಗಂಡಿಗೆ ಕಳಿಸುತ್ತಿದ್ದರು. ಅಲ್ಲಿ ತೆಳ್ಳಗೆ ಬಂದ ವೈನಿಗೆ ಕಸುವು ಕೊಡಲು ಇದನ್ನು ಬೆರೆಸುತ್ತಿದ್ದರು. ಔಷಧಿ ವೈನ್ ಅಂತಲೇ ಕರೆಯುತ್ತಿದ್ದರು. ಅಂದರೆ ಕಲಬೆರಕೆಯ ಸರಕೇ ಇವರದಾಗಿತ್ತು. ಇನ್ನೊಂದು ಕಡೆ, ಎಲ್ಲಿಯದೋ ವೈನಿಗೆ ಈ ಊರಿನ ಹೆಸರು ಅಂಟಿಸಿ ಮಾರುವವರೂ ಹುಟ್ಟಿಕೊಂಡರು.

ಆಗ ಎದ್ದು ನಿಂತವರು ಬ್ಯಾರನ್ ಪಿಯೆರ್ ಲ ರುವಾ. ಪಕ್ಕದ ಶಾತೋ ಫೋರ್ತಿಯಾ ತೋಟದವರು, ಓದಿದ್ದು ಕಾನೂನು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. 1923ರಲ್ಲಿ ಊರಿನ ಬೆಳೆಗಾರರನ್ನು ಸೇರಿಸಿ ನಿಯಮ ಬರೆದರು. ಯಾವ ನೆಲದಲ್ಲಿ ಲ್ಯಾವೆಂಡರ್ ಮತ್ತು ಥೈಮ್ ಎರಡೂ ಬೆಳೆಯುತ್ತವೋ ಆ ಬಡ ನೆಲ ಮಾತ್ರ ಲೆಕ್ಕ. ಯಾವ ಯಾವ ದ್ರಾಕ್ಷಿ ಹಾಕಬಹುದು ಅಂತ ಪಟ್ಟಿ. ಮದ್ಯಾಂಶ ಕನಿಷ್ಠ 12.5%. ಕೊಯ್ಲಲ್ಲಿ ಕೆಟ್ಟ ಹಣ್ಣನ್ನು ಆರಿಸಿ ಬಿಸಾಡಲೇಬೇಕು. 1936ರಲ್ಲಿ ಫ್ರಾನ್ಸ್ ಸರ್ಕಾರ ಇದಕ್ಕೆ ಕಾನೂನಿನ ಮುದ್ರೆ ಒತ್ತಿತು. ಇಡೀ ಫ್ರಾನ್ಸಿನ ವೈನ್ ಸೀಮೆಗಳ ಕಾನೂನಿಗೆ ಇದೇ ಒಂದು ಮಾದರಿ.

ಆದ್ದರಿಂದ ಈ 13 ಅನ್ನುವುದು ಕಲಬೆರಕೆ ತಡೆಯಲು ಹಾಕಿದ ಬೇಲಿ ಸ್ವಾಮಿ.

ಹಾಂ, ಇನ್ನೊಂದು. 1954ರಲ್ಲಿ ಊರಿನ ಮೇಯರ್ ಲೂಸಿಯೆನ್ ಜನ್ ಒಂದು ಆದೇಶ ಹೊರಡಿಸಿದರು. ಈ ಊರ ಮೇಲೆ ಹಾರುವ ತಟ್ಟೆಗಳು ಹಾರುವಂತಿಲ್ಲ, ಇಳಿಯುವಂತಿಲ್ಲ. ಇಳಿದರೆ ಜಪ್ತಿ!

ಮಾಗಡಿರೋಡ್:
ಹಾರುವ ತಟ್ಟೆ ಅಂದರೆ ಅನ್ಯಗ್ರಹದವರದ್ದಾ?? ಸುಮ್ನೆ ಕಾಲೆಳೀತಿದ್ದೀರಾ?

ಹಳೇಪುಸ್ತಕ:
ಇಲ್ಲ, ನಿಜ. ಆ ವರ್ಷ ಫ್ರಾನ್ಸಿನಲ್ಲೆಲ್ಲಾ ಹಾರುವ ತಟ್ಟೆ ಕಂಡೆವು ಅನ್ನುವ ಸುದ್ದಿಯ ಭರಾಟೆ. ಮೇಯರ್ ಸಾಹೇಬರು ಅದನ್ನೇ ಪ್ರಚಾರಕ್ಕೆ ಬಳಸಿಕೊಂಡರು. ಆದೇಶವನ್ನು ಇವತ್ತಿಗೂ ವಾಪಸ್ ತೆಗೆದಿಲ್ಲ.

ಲಿಯೋನ್_ಶಿವಮೊಗ್ಗ:
ಇಲ್ಲಿಯವರೆಗೆ ಒಂದೂ ಇಳಿದಿಲ್ಲ, ಆದ್ದರಿಂದ ಕಾನೂನು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ ☺

ಈಗ ಬೋಕಾಸ್ತೆಲ್ ವಿಷಯ. ಹದಿಮೂರನ್ನೂ ಹಾಕಲೇಬೇಕು ಅಂತ ನಿಯಮ ಇಲ್ಲ, ಹಾಕಬಹುದು ಅಷ್ಟೇ. ಊರಿನ ಹೆಚ್ಚಿನವರು ಗ್ರೆನಾಶ್ ಅನ್ನುವ ಒಂದು ದ್ರಾಕ್ಷಿಯ ಮೇಲೇ ನಿಂತಿದ್ದಾರೆ. ಶಾತೋ ರಾಯಾಸ್ ಅನ್ನುವ ಹೆಸರಾಂತ ತೋಟದ ಕೆಂಪು ವೈನ್ ಪೂರ್ತಿ ಗ್ರೆನಾಶ್. ಅಲ್ಲಿ ಈ ದುಂಡುಗಲ್ಲೂ ಇಲ್ಲ, ಬರೀ ಮರಳು ನೆಲ. ಅದೂ ಶಾತೋನಫ್, ಇದೂ ಶಾತೋನಫ್.

ಬೋಕಾಸ್ತೆಲ್‌ನವರು ಹದಿಮೂರನ್ನೂ ಬೆಳೆಯುತ್ತಾರೆ. ಮೂರ್ವೆದ್ರ್ ಸುಮಾರು 30%, ಗ್ರೆನಾಶ್ ಅಷ್ಟೇ. ಆಮೇಲೆ ಸಿರಾ, ಕುನ್ವಾಜ್, ಸಾಂಸೋ, ಉಳಿದ ಚಿಲ್ಲರೆ ತಳಿಗಳು. ಸೀಮೆಯಲ್ಲಿ ಎಲ್ಲರಿಗೂ ಗ್ರೆನಾಶ್ ದೇವರಾದರೆ ಇವರಿಗೆ ಮೂರ್ವೆದ್ರ್. ಇದು ಹಠದ ದ್ರಾಕ್ಷಿ. ಎಲ್ಲಕ್ಕಿಂತ ತಡವಾಗಿ ಹಣ್ಣಾಗುತ್ತದೆ. ತಲೆಗೆ ಬಿಸಿಲು, ಕಾಲಿಗೆ ನೀರು ಬೇಕು ಅಂತ ಇಲ್ಲಿಯವರು ಹೇಳುತ್ತಾರೆ. ಇಷ್ಟು ಉತ್ತರದಲ್ಲಿ ಅದನ್ನು ನಂಬಿಕೊಳ್ಳುವುದು ಜೂಜು.

ಯಾಕೆ ಅಂದರೆ, ಗ್ರೆನಾಶ್ ವೈನಿಗೆ ಗಾಳಿ ತಾಗಿದರೆ ಬೇಗ ಸೊರಗುತ್ತದೆ, ಬಣ್ಣ ಹೋಗುತ್ತದೆ. ಮೂರ್ವೆದ್ರ್ ಅದಕ್ಕೆ ಉಲ್ಟಾ. ಗಾಳಿಗೆ ಜಗ್ಗುವುದಿಲ್ಲ. ಎರಡನ್ನೂ ಕೂಡಿಸಿದರೆ ಮೂವತ್ತು ವರ್ಷ ಬಾಳುವ ವೈನ್ ಆಗುತ್ತದೆ.

ಕೊರಟಗೆರೆ_ಹುಡುಗ:
ಸಿರಾ ಅಂದ ತಕ್ಷಣ ನಮ್ಮ ಪಕ್ಕದ ಸಿರಾ ತಾಲ್ಲೂಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಮ್ಮ ಕಡೆ ಶಿರಾಜ್ ಅಂತ ಬಾಟಲಿ ಮೇಲೆ ಬರೆಯುತ್ತಾರಲ್ಲ, ಅದೇ ದ್ರಾಕ್ಷಿ. ನಂದಿಬೆಟ್ಟದ ತಪ್ಪಲಲ್ಲಿ ಅದನ್ನು ಬೆಳೆಯುತ್ತಾರೆ.

ನನಗೆ ಈ 13 ದ್ರಾಕ್ಷಿ ವಿಷಯ ಕೇಳಿ ಅಜ್ಜನ ರಾಗಿ ಹೊಲ ನೆನಪಾಯಿತು. ಅಕ್ಕಡಿ ಸಾಲು ಹಾಕುತ್ತಿದ್ದರು. ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಮಳೆ ಕೈಕೊಟ್ಟರೆ ರಾಗಿ ಹೋಗಬಹುದು, ತೊಗರಿ ಉಳಿಯುತ್ತದೆ. ಮಂಜು ಬಿದ್ದರೆ ಅವರೆ ಬರುತ್ತದೆ. ಯಾರೂ ಅದನ್ನು ಕಲಬೆರಕೆ ಹೊಲ ಅನ್ನಲಿಲ್ಲ. ಇದೂ ಹಾಗೇ ಇರಬೇಕು ಅಲ್ವಾ? ಒಂದು ವರ್ಷ ಒಂದು ತಳಿ ಸೋತರೆ ಇನ್ನೊಂದು ಹೆಗಲು ಕೊಡುತ್ತದೆ.

ಲಿಯೋನ್_ಶಿವಮೊಗ್ಗ:
ವಾಹ್, ಚೆನ್ನಾಗಿ ಹೇಳಿದಿರಿ. ಆದರೆ ಒಂದು ತಿದ್ದುಪಡಿ. ಇಲ್ಲಿ ಒಂದೇ ದಿನ ಎಲ್ಲವನ್ನೂ ಕೊಯ್ಯುವುದಿಲ್ಲ. ಒಂದೊಂದು ತಳಿಯೂ ಹಣ್ಣಾದ ದಿನ ಬೇರೆ ಬೇರೆ ಕೊಯ್ದು, ಬೇರೆ ತೊಟ್ಟಿಯಲ್ಲಿ ಹುಳಿ ಬರಿಸಿ, ಆಮೇಲೆ ರುಚಿ ನೋಡಿ ಕೂಡಿಸುತ್ತಾರೆ. ಕೊಯ್ಲು ಪೂರ್ತಿ ಕೈಯಲ್ಲೇ. ಈ ಊರಲ್ಲಿ ಯಂತ್ರದ ಕೊಯ್ಲು ನಿಷಿದ್ಧ.

ಮತ್ತೆ, ಒಂದು ಸೋತರೆ ಇನ್ನೊಂದು ಅನ್ನುವ ಆ ವಿಮೆಯ ಮಾತು ಈಗ ಹೆಚ್ಚು ನಿಜ. ಬೇಸಿಗೆ ಬಿಸಿ ಏರಿದ ಹಾಗೆ ಗ್ರೆನಾಶ್‌ನಲ್ಲಿ ಸಕ್ಕರೆ ಜಾಸ್ತಿಯಾಗಿ ಮದ್ಯಾಂಶ 15% ದಾಟುತ್ತದೆ. ಕುನ್ವಾಜ್‌ನಂಥ ಮೂಲೆಗುಂಪಾದ ತಳಿಗಳು ಹುಳಿ, ತಾಜಾತನ ತಂದುಕೊಡುತ್ತವೆ. ಯಾರಿಗೂ ಬೇಡವಾದದ್ದನ್ನು ಇವರು ಉಳಿಸಿಕೊಂಡಿದ್ದು ಈಗ ಕೈಹಿಡಿಯುತ್ತಿದೆ.

ದ್ರಾಕ್ಷಿ_ವಿಜಯಪುರ:
ನಮಸ್ಕಾರ ರೀ. ನಾನು ದ್ರಾಕ್ಷಿ ಬೆಳೆಗಾರ, ಒಣದ್ರಾಕ್ಷಿ ಮಾಡುತ್ತೇವೆ. ವೈನ್ ಸುದ್ದಿ ನಮಗೆ ಬೇಡ, ಬಳ್ಳಿ ಸುದ್ದಿ ಹೇಳಿ. ಚಾಟ್ನಿ, ಅಂದರೆ ಬಳ್ಳಿ ಸವರುವುದು, ಯಾವಾಗ? ಚಪ್ಪರ ಏನು? ಬೇರು ಯಾವುದು? ನೀರು ಎಷ್ಟು ಬಿಡುತ್ತಾರೆ? ಎಕರೆಗೆ ಏನು ಬರುತ್ತದೆ?

ಲಿಯೋನ್_ಶಿವಮೊಗ್ಗ:
ಅಣ್ಣಾವ್ರೇ, ನೀವು ಕೇಳಿದ್ದೇ ಒಳ್ಳೆಯ ಪ್ರಶ್ನೆ.

ಚಾಟ್ನಿ ವರ್ಷಕ್ಕೆ ಒಂದೇ ಸಲ, ಚಳಿಗಾಲದಲ್ಲಿ. ನಿಮ್ಮ ಹಾಗೆ ಏಪ್ರಿಲ್‌ಗೆ ಒಂದು, ಅಕ್ಟೋಬರ್‌ಗೆ ಒಂದು ಇಲ್ಲ. ಚಳಿಗೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದೆ. ಚಪ್ಪರ ಇಲ್ಲ. ಹೆಚ್ಚಿನ ಕಡೆ ಬಳ್ಳಿಯನ್ನು ಮೊಣಕಾಲೆತ್ತರದ ಗಿಡದ ಹಾಗೆ ಗಿಡ್ಡಕ್ಕೆ ಕತ್ತರಿಸಿ ಬಿಡುತ್ತಾರೆ. ಗಾಳಿಗೆ ಮುರಿಯಬಾರದಲ್ಲ. ನೀರು ಆಕಾಶದ್ದೇ. ಹನಿ ನೀರಾವರಿ ಮಾಮೂಲಿಯಾಗಿ ಮಾಡುವಂತಿಲ್ಲ. ತೀರಾ ಬರ ಬಿದ್ದರೆ ಮಾತ್ರ ಅನುಮತಿ ತೆಗೆದುಕೊಂಡು.

ಇಳುವರಿ ಕೇಳಿ ನಗಬೇಡಿ. ಹೆಕ್ಟೇರಿಗೆ 3,500 ಲೀಟರ್ ವೈನ್, ಅಷ್ಟೇ ಮಿತಿ. ಲೆಕ್ಕ ಹಾಕಿದರೆ ಎಕರೆಗೆ ಎರಡು ಟನ್ ಹಣ್ಣು ಮುಟ್ಟುವುದೂ ಕಷ್ಟ.

ದ್ರಾಕ್ಷಿ_ವಿಜಯಪುರ:
ಎರಡು ಟನ್! ನಮ್ಮಲ್ಲಿ ಹಾಗಾದರೆ ಬ್ಯಾಂಕಿನವರು ಮನೆ ಮುಂದೆ ಬಂದು ಕೂಡುತ್ತಾರೆ ನೋಡ್ರಿ.

ಬೇರಿನ ಮಾತು ಹೇಳಲಿಲ್ಲ. ನಾವು ಡಾಗ್ರಿಜ್ ಅನ್ನುವ ತಳಿಯ ಬೇರಿನ ಮೇಲೆ ಥಾಮ್ಸನ್ ದ್ರಾಕ್ಷಿ ಕಸಿ ಮಾಡುತ್ತೇವೆ. ಉಪ್ಪು ನೀರು, ಬರ ಎರಡನ್ನೂ ತಡೆಯುತ್ತದೆ ಅಂತ.

ಹಳೇಪುಸ್ತಕ:
ಡಾಗ್ರಿಜ್ ಮೂಲ ಅಮೆರಿಕದ ಟೆಕ್ಸಾಸ್. ಅವರದೂ ಅಮೆರಿಕದ ಬೇರೇ! ಅದರ ಕತೆ ಶುರುವಾದದ್ದು ಇದೇ ಊರಿನ ಎದುರು ದಂಡೆಯಲ್ಲಿ.

ಶಾತೋನಫ್‌ನಿಂದ ನದಿ ದಾಟಿದರೆ ರೋಕ್‌ಮೋರ್. 1860ರ ದಶಕದ ಆರಂಭದಲ್ಲಿ ಅಲ್ಲಿನ ಒಬ್ಬ ವೈನ್ ವ್ಯಾಪಾರಿ ಅಮೆರಿಕದಿಂದ ಬಳ್ಳಿ ತರಿಸಿ ನೆಟ್ಟ. ಸ್ವಲ್ಪ ಸಮಯಕ್ಕೆ ಸುತ್ತಲಿನ ಬಳ್ಳಿಗಳು ಕಾರಣವಿಲ್ಲದೆ ಸಾಯತೊಡಗಿದವು. 1868ರಲ್ಲಿ ಮೊಂಪೆಲಿಯೆಯ ಸಸ್ಯವಿಜ್ಞಾನಿ ಪ್ಲಾಂಶೋ ಮತ್ತು ಜೊತೆಗಾರರು ಬೇರು ಅಗೆದು ನೋಡಿದರು. ಕಣ್ಣಿಗೆ ಕಾಣಿಸಿಯೂ ಕಾಣಿಸದ ಹಳದಿ ಹೇನು, ಬೇರಿನ ರಸ ಹೀರುತ್ತಿತ್ತು. ಫಿಲಾಕ್ಸೆರಾ. ಅದು ಅಮೆರಿಕದ ಬಳ್ಳಿಯ ಜೊತೆಗೇ ಬಂದದ್ದು. ಮದ್ದೂ ಅಲ್ಲಿಂದಲೇ ಬಂತು. ಅಮೆರಿಕದ ಬೇರನ್ನು ಆ ಹೇನು ಕೊಲ್ಲಲಾರದು. ಅದರ ಮೇಲೆ ಫ್ರಾನ್ಸಿನ ಬಳ್ಳಿ ಕಸಿ ಮಾಡಿದರು.

ಬೋಕಾಸ್ತೆಲ್ ಈಗಿನವರ ಕೈಗೆ ಬಂದದ್ದೂ ಈ ಹೇನಿನ ಹೊಡೆತದ ನಂತರವೇ. 1549ರಲ್ಲಿ ಪಿಯೆರ್ ದ ಬೋಕಾಸ್ತೆಲ್ ಎಂಬುವರು ಕೂದುಲೆಯಲ್ಲಿ ಒಂದು ಕಣಜ ಮತ್ತು ಜಮೀನು ಕೊಂಡ ದಾಖಲೆ ಇದೆ. ಹೆಸರು ಅವರದು. 1909ರಲ್ಲಿ ಪಿಯೆರ್ ತ್ರಾಮಿಯೆ ಕೊಂಡರು. ಅವರ ಅಳಿಯ ಪಿಯೆರ್ ಪೆರಾಂ, ಅವರ ಮಗ ಜಾಕ್ ಪೆರಾಂ. ಮಾವನ ಆಸ್ತಿ ಅಳಿಯನಿಗೆ, ಆಮೇಲೆ ಅಳಿಯನ ಹೆಸರೇ ನಿಂತಿತು. ನಮ್ಮಲ್ಲೂ ಎಷ್ಟು ಮನೆಗಳಲ್ಲಿ ನೋಡಿಲ್ಲ!

ದ್ರಾಕ್ಷಿ_ವಿಜಯಪುರ:
ಹೇನು ಅಲ್ಲಿಂದ, ಬೇರೂ ಅಲ್ಲಿಂದ. ನಮಗೆ ಹೇನಿನ ಕಾಟ ಇಲ್ಲ, ಉಪ್ಪಿನ ಕಾಟ. ಬೇರು ಮಾತ್ರ ಅದೇ ಬಳಗದ್ದು. ಒಳ್ಳೆಯ ಸುದ್ದಿ ಹೇಳಿದಿರಿ.

ಬಾಟಲಿಬುದ್ಧ:
ಎಲ್ಲರೂ ಹೊಗಳುತ್ತಿದ್ದೀರಿ, ಒಬ್ಬರಾದರೂ ಕೊಟ್ಟಿಗೆ ವಾಸನೆ ಬಗ್ಗೆ ಮಾತಾಡಿ. ಬೋಕಾಸ್ತೆಲ್ ಅಂದರೆ ವೈನ್ ಲೋಕದಲ್ಲಿ ಇವತ್ತಿಗೂ ಇದೇ ಜಗಳ. ಬ್ರೆಟ್ಟನೊಮೈಸಿಸ್ ಅನ್ನುವ ಒಂದು ಯೀಸ್ಟ್ ಇದೆ, ಚಿಕ್ಕದಾಗಿ ಬ್ರೆಟ್. ಹಳೇ ಮರದ ಪೀಪಾಯಿಯಲ್ಲಿ ಸೇರಿಕೊಳ್ಳುತ್ತದೆ. ಅದು ಹೆಚ್ಚಾದರೆ ವೈನಿಗೆ ಕುದುರೆ ಲಾಯ, ಬೆವೆತ ಜೀನು, ಬ್ಯಾಂಡೇಜ್ ವಾಸನೆ ಬರುತ್ತದೆ. ಈ ತೋಟದ 1980ರ ದಶಕದ ಕೊನೆಯ ವೈನುಗಳ ಬಗ್ಗೆ ಈ ಮಾತು ಜೋರಾಗಿ ಎದ್ದಿತ್ತು. ಕೆಲವರು ಅದನ್ನೇ ಆ ನೆಲದ ಗುಣ ಅಂತ ಕೊಂಡಾಡಿದರು. ನನ್ನ ಪ್ರಕಾರ ನೆಲದ ಗುಣ ಅಲ್ಲ, ನೆಲಮಾಳಿಗೆಯ ಗುಣ.

ಲಿಯೋನ್_ಶಿವಮೊಗ್ಗ:
ಬುದ್ಧರೇ, ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಮೂರ್ವೆದ್ರ್‌ಗೆ ತನ್ನದೇ ಒಂದು ತೊಗಲು, ಮಾಂಸ, ಕಾಡಿನ ವಾಸನೆ ಇದೆ. ಯಾವುದು ದ್ರಾಕ್ಷಿಯದು, ಯಾವುದು ಬ್ರೆಟ್‌ನದು ಅಂತ ಮೂಗಲ್ಲೇ ಬಿಡಿಸುವುದು ಸುಲಭ ಅಲ್ಲ. ಆಮೇಲೆ ಇತ್ತೀಚಿನ ವರ್ಷಗಳ ವೈನ್ ಅದಕ್ಕಿಂತ ಬಹಳ ಶುಚಿ. ಹಳೇ ಅಭಿಮಾನಿಗಳು ಅದಕ್ಕೇ ಕೊರಗುವುದೂ ಉಂಟು!

ಬಾಟಲಿಬುದ್ಧ:
ಅದಕ್ಕಿಂತ ತಮಾಷೆ ಕೇಳಿ. ಇದೇ ಮನೆಯವರು ಹಣ್ಣನ್ನು ಬಿಸಿ ಮಾಡುವುದಕ್ಕೂ ಪ್ರಸಿದ್ಧರು. ಜಾಕ್ ಪೆರಾಂ ಬೆಳೆಸಿದ ಪದ್ಧತಿ. ತೊಟ್ಟು ಬಿಡಿಸಿದ ಹಣ್ಣನ್ನು ಒಂದೆರಡು ನಿಮಿಷ ಸಿಪ್ಪೆಗಷ್ಟೇ ತಾಗುವಂತೆ 80 ಡಿಗ್ರಿಗೆ ಕಾಯಿಸಿ, ತಕ್ಷಣ 20ಕ್ಕೆ ಆರಿಸುತ್ತಾರೆ. ಹಣ್ಣು ಕಪ್ಪಾಗಿಸುವ ಕಿಣ್ವ ಸಾಯುತ್ತದೆ, ಬಣ್ಣ ಚೆನ್ನಾಗಿ ಬಿಡುತ್ತದೆ, ವೈನ್ ಕೆಡದಂತೆ ಹಾಕುವ ಗಂಧಕ ಕಡಿಮೆ ಸಾಕು. ಅಷ್ಟು ಬಿಸಿ ಮಾಡುವ ಮನೆಯಲ್ಲೇ ಬ್ರೆಟ್!

ಕೊರಟಗೆರೆ_ಹುಡುಗ:
ಅದರಲ್ಲೇನು ಆಶ್ಚರ್ಯ? ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕುತ್ತೇವೆ. ಆದರೂ ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂದರೆ ಮೊಸರು ಲೋಳೆ ಬರುತ್ತದೆ. ಕಾಯಿಸಿದ್ದು ಹಾಲನ್ನು, ಪಾತ್ರೆಯನ್ನಲ್ಲ.

ಬಾಟಲಿಬುದ್ಧ:
ಸೋತೆ. ಇದನ್ನು ಯಾವ ವೈನ್ ಪಂಡಿತರೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಒಂದು ವಿಷಯಕ್ಕೆ ಮಾತ್ರ ನಾನೂ ಟೋಪಿ ತೆಗೆಯುತ್ತೇನೆ. ಅಕ್ಕಪಕ್ಕದವರು ರಾಸಾಯನಿಕ ಸುರಿಯುತ್ತಿದ್ದ ಕಾಲದಲ್ಲೇ ಜಾಕ್ ಪೆರಾಂ ಸಾವಯವಕ್ಕೆ ಇಳಿದರು. 1978ರಲ್ಲಿ ತೀರಿಕೊಂಡರು. ಮಕ್ಕಳಾದ ಜಾನ್ ಪಿಯೆರ್ ಮತ್ತು ಫ್ರಾಂಸ್ವಾ ಅಪ್ಪನ ಹೆಸರಲ್ಲಿ ಒಂದು ವೈನ್ ಮಾಡಿದರು, 1989ರಲ್ಲಿ ಮೊದಲು. ಹೆಚ್ಚಿನ ಪಾಲು ಹಳೇ ಬಳ್ಳಿಯ ಮೂರ್ವೆದ್ರ್. ಅದು ಚೆನ್ನಾಗಿ ಹಣ್ಣಾದ ವರ್ಷ ಮಾತ್ರ. ಬೆಲೆ ಕೇಳಬೇಡಿ.

ಅದೇ 1989ರಲ್ಲೇ ಅಮೆರಿಕದ ರಾಬರ್ಟ್ ಹಾಸ್ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಂಡು ಟ್ಯಾಬ್ಲಸ್ ಕ್ರೀಕ್ ಅನ್ನುವ ತೋಟ ಶುರು ಮಾಡಿದರು. ಬೋಕಾಸ್ತೆಲ್‌ನ ಕಡ್ಡಿ ಅಲ್ಲಿಗೆ ಹೋಯಿತು. ರೋಗ ಇಲ್ಲ ಅಂತ ಖಾತ್ರಿ ಆಗುವವರೆಗೆ ಸರ್ಕಾರ ಅವನ್ನು ವರ್ಷಗಟ್ಟಲೆ ಬೇರೆ ಇಟ್ಟಿತ್ತು.

ದ್ರಾಕ್ಷಿ_ವಿಜಯಪುರ:
ಇಡಬೇಕು ರೀ. ರೋಕ್‌ಮೋರ್‌ನ ವ್ಯಾಪಾರಿ ಹಾಗೆ ಇಟ್ಟಿದ್ದರೆ ಇಷ್ಟು ಕತೆ ಆಗುತ್ತಿರಲಿಲ್ಲ.

ನಿರ್ವಾಹಕ:
ಒಂದು ಮಾತು. ಯಾರೋ ಇಬ್ಬರು ಬಾಟಲಿ ಮಾರುತ್ತೀರಾ ಅಂತ ಕೇಳಿ ಬರೆದಿದ್ದರು. ಆ ಬರಹ ತೆಗೆದಿದ್ದೇವೆ. ಮಾರಾಟದ ಮಾತು ಇಲ್ಲಿ ಬೇಡ. ಚರ್ಚೆ ಮುಂದುವರಿಸಿ.

ಮಾಗಡಿರೋಡ್:
ಮಾರುವುದಿಲ್ಲ ಸರ್. ಈ ಶನಿವಾರ ತೆಗೆಯುವುದೇ. ಹೇಗೆ ತೆಗೆಯಲಿ? ಜೊತೆಗೆ ಏನು ತಿನ್ನಲಿ?

ಲಿಯೋನ್_ಶಿವಮೊಗ್ಗ:
ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಚರಟ ಕೆಳಗೆ ಕೂರಲಿ. ಬೆಂಗಳೂರಿನ ಮನೆಯ ಬಿಸಿ ಜಾಸ್ತಿ. ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟು ತೆಗೆಯಿರಿ. 16–18 ಡಿಗ್ರಿ ಇದ್ದರೆ ಹಿತ. ಹಳೇ ಬಿರಡೆ, ನಿಧಾನಕ್ಕೆ ಎಳೆಯಿರಿ. ನಿಧಾನವಾಗಿ ಒಂದು ಜಗ್‌ಗೆ ಬಗ್ಗಿಸಿ, ಚರಟ ಬಂದಾಗ ನಿಲ್ಲಿಸಿ. 2009 ಇಲ್ಲಿ ಬಿಸಿ, ಒಣ ವರ್ಷ. ವೈನ್ ದಪ್ಪ ಇರುತ್ತದೆ.

ಊಟಕ್ಕೆ ಇಲ್ಲಿಯವರು ಕುರಿ ಮಾಂಸ ಮಾಡುತ್ತಾರೆ. ನಾನಾದರೆ ಖಾರ ಕಡಿಮೆ ಹಾಕಿ ಮಟನ್ ಮೆಣಸಿನ ಹುರಿ ಮಾಡುವೆ. ಹಸಿಮೆಣಸು ಬೇಡ, ವೈನ್ ಬಾಯಲ್ಲಿ ಬೆಂಕಿ ಆಗುತ್ತದೆ.

ಮಾಗಡಿರೋಡ್:
ವರದಿ ಒಪ್ಪಿಸುತ್ತಿದ್ದೇನೆ.

ಬಿರಡೆ ಮಧ್ಯದಲ್ಲೇ ಮುರಿಯಿತು. ಅರ್ಧ ಒಳಗೆ ಬಿತ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿದೆ. ಬುದ್ಧರು ಕಣ್ಣು ಮುಚ್ಚಿಕೊಳ್ಳಲಿ.

ಬಣ್ಣ ನಾನು ಅಂದುಕೊಂಡಷ್ಟು ಕಪ್ಪು ಇರಲಿಲ್ಲ, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೊದಲ ಲೋಟದಲ್ಲಿ ಬೇಯಿಸಿದ ಹಣ್ಣಿನ ವಾಸನೆ ಜಾಸ್ತಿ ಇತ್ತು. ಅದು ನನ್ನ ಕುಕ್ಕರ್ ಪಕ್ಕದ ಕರ್ಮ ಇರಬೇಕು. ತೋಟದವರ ತಪ್ಪಲ್ಲ. ಒಂದು ಗಂಟೆ ಬಿಟ್ಟ ಮೇಲೆ ಬೇರೆಯೇ ಆಯಿತು. ಒಣ ಎಲೆ, ಕರಿಮೆಣಸು, ಹಳೇ ತೊಗಲಿನ ಚೀಲ. ಕೊಟ್ಟಿಗೆ ಹುಡುಕಿದೆ, ಸಿಗಲಿಲ್ಲ. ಅಪ್ಪ ಒಂದು ಗುಟುಕು ಕುಡಿದು, "ಕಷಾಯ ಅಲ್ಲ, ಆದರೆ ಕಷಾಯದ ಜಾತಿ" ಅಂದರು. ಅರ್ಧ ಬಾಟಲಿ ಉಳಿಸಿ ಫ್ರಿಜ್‌ನಲ್ಲಿಟ್ಟೆ. ಭಾನುವಾರ ಸಂಜೆ ಅದು ಶನಿವಾರಕ್ಕಿಂತ ಚೆನ್ನಾಗಿತ್ತು. ನಿಜ.

ಹದಿಮೂರರಲ್ಲಿ ಒಂದನ್ನೂ ಬಿಡಿಸಿ ಗುರುತಿಸಲು ಆಗಲಿಲ್ಲ.

ಲಿಯೋನ್_ಶಿವಮೊಗ್ಗ:
ಗುರುತಿಸುವಂತೆ ಇದ್ದಿದ್ದರೆ ಬೆರೆಸಿದವರು ಸೋತ ಹಾಗೆ!

ಖಾಲಿ ಬಾಟಲಿ ಬಿಸಾಕಬೇಡಿ. ಈ ಊರಿನ ಬಾಟಲಿಗಳ ಗಾಜು ನೋಡುವ ಹಾಗಿರುತ್ತದೆ. 1937ರಿಂದ ಬಹಳ ತೋಟದವರು ಪೋಪನ ಕಿರೀಟ ಮತ್ತು ಬೀಗದ ಕೈಗಳನ್ನು ಗಾಜಿನ ಮೇಲೇ ಉಬ್ಬಿಸಿ ಮಾಡಿಸುತ್ತಾರೆ. ನಿಮ್ಮದರಲ್ಲಿ ಏನಿದೆ ಅಂತ ಫೋಟೋ ಹಾಕಿ.

ಮಾಗಡಿರೋಡ್:
ತಡವಾಯಿತು ಮೇಡಂ. ಗಾಜು ದಪ್ಪ ಇದೆ, ಗಟ್ಟಿ ಇದೆ ಅಂತ ಅಮ್ಮ ಬೆಳಿಗ್ಗೆಯೇ ತೊಳೆದು ಹರಳೆಣ್ಣೆ ತುಂಬಿಸಿ ಸಜ್ಜೆಯ ಮೇಲೆ ಇಟ್ಟಿದ್ದಾರೆ. ಕುಕ್ಕರ್ ಪಕ್ಕ.